ಸಮನ್ವಯ ಶಿಕ್ಷಣದ ಕಾನೂನು ನಿಮ್ಮ ಶಾಲೆಯಲ್ಲಿ ನಿಜಕ್ಕೂ ಜಾರಿಯಾಗಬೇಕಾದರೆ: ಅಡ್ಮಿಷನ್‌ನಿಂದ ಎಸ್‌ಎಸ್‌ಎಲ್‌ಸಿವರೆಗೆ ಹಂತ ಹಂತವಾಗಿ

ಸಮನ್ವಯ ಶಿಕ್ಷಣ ಅಂದರೆ ವಿಕಲಚೇತನ ಮಕ್ಕಳೂ ಉಳಿದ ಮಕ್ಕಳ ಜೊತೆ ಒಂದೇ ತರಗತಿಯಲ್ಲಿ ಕಲಿಯುವುದು. ಬೆಂಗಳೂರಿನ ಎಷ್ಟೋ ಶಾಲೆಗಳು ಈ ಕೆಲಸವನ್ನು ಹಿಂದುಮುಂದಾಗಿ ಶುರು ಮಾಡುತ್ತವೆ. ಮೊದಲು ಗೇಟಿನ ಪಕ್ಕ ರ‍್ಯಾಂಪ್ ಕಟ್ಟುತ್ತಾರೆ. ಆಮೇಲೆ ಗೋಡೆಗೆ ಬೋರ್ಡ್ ಹಾಕುತ್ತಾರೆ. ಆಮೇಲೆ ಪೋಷಕರ ಹತ್ತಿರ ಮಗುವಿನ ವೈಕಲ್ಯದ ಸರ್ಟಿಫಿಕೇಟ್ ಕೇಳುತ್ತಾರೆ. ಸರ್ಟಿಫಿಕೇಟ್ ಬರುವಷ್ಟರಲ್ಲಿ ಅರ್ಧ ವರ್ಷ ಮುಗಿದಿರುತ್ತದೆ. ಮಗು ಕೊನೆಯ ಬೆಂಚಿನಲ್ಲಿ ಸುಮ್ನೆ ಕೂತಿರುತ್ತದೆ, ಇಲ್ಲವೇ ಮನೆಯಲ್ಲಿರುತ್ತದೆ.

ಕಾನೂನು ಈ ಕ್ರಮ ಹೇಳಿಲ್ಲ. ಮೊದಲು ಸೇರಿಸಿಕೊಳ್ಳಬೇಕು. ಆಮೇಲೆ ಮಗುವನ್ನು ಗಮನಿಸಬೇಕು. ಗಮನಿಸಿದ್ದರಿಂದ ಪ್ಲಾನ್ ಬರೆಯಬೇಕು. ಆಸ್ಪತ್ರೆಯ ಕಾಗದಪತ್ರ ಇದರ ಪಕ್ಕದಲ್ಲೇ ಓಡುತ್ತಿರಲಿ. ಈ ಮಾರ್ಗದರ್ಶಿ ಅದೇ ಕ್ರಮದಲ್ಲಿದೆ. ಮುಖ್ಯೋಪಾಧ್ಯಾಯರು, ಆಡಳಿತ ಮಂಡಳಿಯವರು, ಕ್ಲಾಸ್ ಟೀಚರ್‌ಗಳಿಗೆಂದು ಬರೆದಿದ್ದೇನೆ. ಪೋಷಕರು ಓದಿದರೆ ಶಾಲೆ ಎಲ್ಲಿ ತಪ್ಪುತ್ತಿದೆ ಅನ್ನುವುದು ಅವರಿಗೂ ಗೊತ್ತಾಗುತ್ತದೆ.

ಶುರುವಿಗೆ ಮುಂಚೆ ಕೈಯಲ್ಲಿ ಏನಿರಬೇಕು

ಎರಡು ಕಾಯ್ದೆಗಳ ಪ್ರಿಂಟ್ ತೆಗೆದುಕೊಳ್ಳಿ. ಒಂದು, ಶಿಕ್ಷಣ ಹಕ್ಕು ಕಾಯ್ದೆ 2009, ಅಂದರೆ ಎಲ್ಲರೂ ಆರ್‌ಟಿಇ ಅನ್ನುವುದು. ಇನ್ನೊಂದು, ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016. ಎರಡನೆಯದು 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಪೂರ್ತಿ ಓದಲು ಆಗದಿದ್ದರೆ 2016ರ ಕಾಯ್ದೆಯ ಸೆಕ್ಷನ್ 16, 17 ಮತ್ತು 31 ಓದಿ. ಆರ್‌ಟಿಇಯಲ್ಲಿ ಸೆಕ್ಷನ್ 3, 13, 15 ಮತ್ತು 16 ಓದಿ. ಒಂದು ಗಂಟೆಯ ಕೆಲಸ ಅಷ್ಟೇ.

ಓದುವಾಗ ಒಂದು ವ್ಯತ್ಯಾಸ ಗುರುತು ಮಾಡಿಕೊಳ್ಳಿ. ಜಾಸ್ತಿ ಗೊಂದಲ ಆಗುವುದು ಇಲ್ಲೇ. 2016ರ ಕಾಯ್ದೆಯ ಸೆಕ್ಷನ್ 31ರ ಉಚಿತ ಶಿಕ್ಷಣದ ಹಕ್ಕು 6ರಿಂದ 18 ವರ್ಷದೊಳಗಿನ, ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವ ಮಕ್ಕಳಿಗೆ. ಅದೇ ಕಾಯ್ದೆಯ ಸೆಕ್ಷನ್ 16ರಲ್ಲಿ ಶಾಲೆಗೆ ಹೇಳಿರುವ ಕರ್ತವ್ಯಗಳಿಗೆ ಆ ಶೇ. 40ರ ಗಡಿ ಇಲ್ಲ. ತಾರತಮ್ಯ ಇಲ್ಲದೆ ಸೇರಿಸಿಕೊಳ್ಳುವುದು, ಬೇಕಾದ ಹೊಂದಾಣಿಕೆ ಮಾಡುವುದು, ಕಲಿಕೆಯ ನ್ಯೂನತೆಯನ್ನು ಬೇಗ ಗುರುತಿಸುವುದು, ಮಗುವಿನ ಪ್ರಗತಿ ನೋಡುತ್ತಿರುವುದು, ಓಡಾಟದ ವ್ಯವಸ್ಥೆ: ಇವೆಲ್ಲ ಈ ಸೆಕ್ಷನ್‌ನಲ್ಲಿವೆ. 'ಪರ್ಸೆಂಟೇಜ್ ಕಡಿಮೆ ಇದೆ, ನಮಗೆ ಸಂಬಂಧ ಇಲ್ಲ' ಅನ್ನುವ ಮಾತಿಗೆ ಇಲ್ಲಿ ಆಧಾರ ಇಲ್ಲ.

ಸೆಕ್ಷನ್ 16 ಸರ್ಕಾರದ ಅನುದಾನ ಇರುವ ಅಥವಾ ಸರ್ಕಾರದ ಮಾನ್ಯತೆ ಇರುವ ಶಾಲೆಗಳನ್ನು ಹೇಳುತ್ತದೆ. ಅಂದರೆ ಖಾಸಗಿ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳೂ ಇದರೊಳಗೆ ಬರುತ್ತವೆ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಆರ್‌ಟಿಇ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ, ನಿಜ. ಸೆಕ್ಷನ್ 16ರಲ್ಲಿ ಅಂಥ ವಿನಾಯಿತಿ ಬರೆದಿಲ್ಲ.

ಖಾಸಗಿ ಶಾಲೆಗಳಲ್ಲಿ ಬಡ, ಹಿಂದುಳಿದ ಮಕ್ಕಳಿಗೆಂದು ಮೀಸಲಿಡುವ ಶೇ. 25 ಆರ್‌ಟಿಇ ಸೀಟಿನ ವಿಷಯ ಬೇರೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಆ ಸೀಟುಗಳು ಬರದಂತೆ ಕರ್ನಾಟಕ 2018ರ ಕೊನೆಯಲ್ಲಿ ನಿಯಮ ಬದಲಿಸಿತು. ಬೆಂಗಳೂರಿನ ಬಹುಪಾಲು ಬಡಾವಣೆಗಳಲ್ಲಿ ಇದರಿಂದ ಸೀಟು ಕಡಿಮೆಯಾಯಿತು. ಕೆಲವು ಶಾಲೆಗಳು ಇದನ್ನೇ ಹಿಡಿದುಕೊಂಡು 'ನಮಗೆ ಆರ್‌ಟಿಇ ಇಲ್ಲ, ಹಾಗಾಗಿ ವಿಕಲಚೇತನ ಮಕ್ಕಳನ್ನು ತೆಗೆದುಕೊಳ್ಳಬೇಕಿಲ್ಲ' ಅನ್ನುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ.

ಇನ್ನು ಬೇಕಾದದ್ದು ಮೂರು. ಒಂದು ದಪ್ಪ ನೋಟ್‌ಬುಕ್. ನಿಮ್ಮ ಬಿಆರ್‌ಸಿಯಲ್ಲಿರುವ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ, ಅಂದರೆ ಬ್ಲಾಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರ, ಫೋನ್ ನಂಬರ್. ಈ ಕೆಲಸಕ್ಕೆ ಹೊಣೆ ಹೊರುವ ಒಬ್ಬ ಶಿಕ್ಷಕಿ ಅಥವಾ ಶಿಕ್ಷಕ. ಕಮಿಟಿ ಬೇಡ. ಕಮಿಟಿ ಮಾಡಿದರೆ ಯಾರನ್ನು ಕೇಳಿದರೂ 'ಅವರು ನೋಡ್ಕೋತಾರೆ' ಅಂತಾರೆ. ಹೊಣೆ ಹೊತ್ತವರಿಗೆ ವಾರಕ್ಕೆ ಎರಡು ಪೀರಿಯಡ್ ಬಿಡುವು ಕೊಡಿ. ಅದನ್ನು ಟೈಮ್‌ಟೇಬಲ್‌ನಲ್ಲಿ ಬರೆದೇ ಕೊಡಿ.

ಹಂತ 1: ಅಡ್ಮಿಷನ್ ಟೇಬಲ್ ಸರಿಮಾಡಿ

ಕಾನೂನು ಮೊದಲು ಮುರಿಯುವುದು ಪ್ರಿನ್ಸಿಪಾಲರ ಕೋಣೆಯಲ್ಲಲ್ಲ, ಅದಕ್ಕೂ ಮುಂಚೆ ರಿಸೆಪ್ಷನ್‌ನಲ್ಲಿ. ಫಾರಂ ಕೊಡುವವರಿಗೆ ಯಾರೂ ಏನೂ ಹೇಳಿರುವುದಿಲ್ಲ. ಅಮ್ಮನ ಜೊತೆ ಬಂದ ಮಗು ಸ್ವಲ್ಪ ಬೇರೆ ಥರ ನಡೆದುಕೊಂಡರೆ ಸಾಕು, 'ಸೀಟ್ ಫುಲ್ ಆಗಿದೆ ಮೇಡಂ' ಅಂದುಬಿಡುತ್ತಾರೆ. ಹಾಗಾಗಿ ತರಬೇತಿ ಅಲ್ಲಿಂದ ಶುರುವಾಗಲಿ. ಈ ಮಾತುಗಳು ಟೇಬಲ್‌ನಲ್ಲಿ ಕೇಳಿಸಬಾರದು:

- 'ನಮ್ಮಲ್ಲಿ ಸೌಲಭ್ಯ ಇಲ್ಲ, ಸ್ಪೆಷಲ್ ಸ್ಕೂಲ್ ನೋಡಿ.'
- 'ಸರ್ಟಿಫಿಕೇಟ್ ತನ್ನಿ, ಆಮೇಲೆ ನೋಡೋಣ.'
- 'ಮೂರು ತಿಂಗಳು ಟ್ರಯಲ್ ನೋಡ್ತೀವಿ.'
- 'ಶ್ಯಾಡೋ ಟೀಚರ್‌ನ ನೀವೇ ಇಟ್ಟುಕೊಂಡರೆ ಮಾತ್ರ.' (ತರಗತಿಯಲ್ಲಿ ಒಂದೇ ಮಗುವಿನ ಜೊತೆಗಿದ್ದು ಸಹಾಯ ಮಾಡುವವರು.)

ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷೆ, ಸಂದರ್ಶನ ಮಾಡಿ ಸೋಸುವುದನ್ನು ಆರ್‌ಟಿಇ ಸೆಕ್ಷನ್ 13 ನಿಷೇಧಿಸಿದೆ. ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ. ಆಮೇಲೆ ಪ್ರತಿ ಸಲಕ್ಕೂ 50,000ದವರೆಗೆ. ವರ್ಷದ ಮಧ್ಯೆ ಬಂದ ಮಗುವಿಗೂ ಬಾಗಿಲು ಹಾಕುವಂತಿಲ್ಲ. ಅದು ಸೆಕ್ಷನ್ 15.

ಹಾಗಾದರೆ ಏನು ಕೇಳಬೇಕು? ಸೇರಿಸಿಕೊಂಡ ಮೇಲೆ, ಬೇರೆ ದಿನ, ಅವಸರ ಇಲ್ಲದೆ ಪೋಷಕರ ಜೊತೆ ಕೂತು ಕೇಳಿ. ಮಗು ಬೇಡ ಅನ್ನುವುದನ್ನು ಹೇಗೆ ಹೇಳುತ್ತದೆ? ಬಾತ್‌ರೂಮಿಗೆ ಹೋಗಬೇಕು ಅಂತ ಹೇಗೆ ತಿಳಿಸುತ್ತದೆ? ಫಿಟ್ಸ್ ಬರುತ್ತದಾ, ಬಂದರೆ ಮನೆಯಲ್ಲಿ ಏನು ಮಾಡುತ್ತೀರಿ? ಯಾವ ಶಬ್ದಕ್ಕೆ, ಯಾವ ವಾಸನೆಗೆ ಹೆದರುತ್ತದೆ? ಯಾವುದಕ್ಕೆ ಖುಷಿಪಡುತ್ತದೆ? ಉತ್ತರಗಳನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಹತ್ತು ಪುಟದ ಡಾಕ್ಟರ್ ರಿಪೋರ್ಟ್‌ಗಿಂತ ಜೂನ್ ತಿಂಗಳಲ್ಲಿ ಈ ಒಂದು ಪುಟವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮಗುವಿನ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ. ಒಂಬತ್ತು ವರ್ಷದ ಹುಡುಗನನ್ನು ಯುಕೆಜಿಯಲ್ಲಿ ಕೂರಿಸುವುದು ಸಹಾಯ ಅಲ್ಲ.

ಅದೇ ವಾರ ಎಸ್‌ಎಟಿಎಸ್ (ರಾಜ್ಯದ ವಿದ್ಯಾರ್ಥಿ ದಾಖಲೆಯ ಆನ್‌ಲೈನ್ ವ್ಯವಸ್ಥೆ) ಮತ್ತು ಯುಡೈಸ್ ಪ್ಲಸ್ (ಕೇಂದ್ರದ ಶಾಲಾ ಮಾಹಿತಿ ವ್ಯವಸ್ಥೆ) ದಾಖಲೆ ನೋಡಿ. ವಿಶೇಷ ಅಗತ್ಯವುಳ್ಳ ಮಗು ಅನ್ನುವ ವಿವರವನ್ನು ಎಷ್ಟೋ ಶಾಲೆಗಳು ಖಾಲಿ ಬಿಡುತ್ತವೆ, ಇಲ್ಲವೇ 'ಇಲ್ಲ' ಅಂತ ತುಂಬುತ್ತವೆ. ಮಗು ಲೆಕ್ಕದಲ್ಲೇ ಇಲ್ಲದಿದ್ದರೆ ಬಿಐಇಆರ್‌ಟಿ ಬರುವುದಿಲ್ಲ, ಸಾಧನ ಸಲಕರಣೆ ಬರುವುದಿಲ್ಲ, ಹಣವೂ ಬರುವುದಿಲ್ಲ. ಸಮಗ್ರ ಶಿಕ್ಷಣ ಅನ್ನುವ ಕೇಂದ್ರದ ಯೋಜನೆಯಡಿ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಇಂಥ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ನೆರವಿನ ಲೆಕ್ಕ ಇದೆ. ಹೆಣ್ಣುಮಕ್ಕಳಿಗೆ ಬೇರೆಯಾಗಿ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ಸ್ಟೈಪೆಂಡ್ ಇದೆ. ಇವೆಲ್ಲ ನಿಲ್ಲುವುದು ಆ ಒಂದು ಟಿಕ್ ಮೇಲೆ.

ಹಂತ 2: ಮೊದಲ ಆರು ವಾರ ಗಮನಿಸಿ, ಹೆಸರಿಡಬೇಡಿ

ಶಿಕ್ಷಕರ ಕೆಲಸ ನೋಡುವುದು ಮತ್ತು ಬರೆಯುವುದು. 'ಇವನಿಗೆ ಆಟಿಸಂ ಇರಬೇಕು' ಅನ್ನುವುದು ಶಿಕ್ಷಕರ ಕೆಲಸ ಅಲ್ಲ. ಸ್ಟಾಫ್ ರೂಮಿನಲ್ಲಿ ಹೇಳಿದ ಮಾತು ಸಂಜೆಯೊಳಗೆ ವ್ಯಾನ್ ಡ್ರೈವರ್‌ವರೆಗೂ ಹೋಗಿರುತ್ತದೆ.

ಮೊದಲು ಕಣ್ಣು, ಕಿವಿ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಪಕ್ಕದವನ ಪುಸ್ತಕ ನೋಡಿ ಬರೆಯುವ ಹುಡುಗನಿಗೆ ಕನ್ನಡಕ ಸಾಕಾಗಬಹುದು. ಕರೆದರೆ ತಿರುಗದ ಹುಡುಗಿಗೆ ಕಿವಿಯೊಳಗೆ ಸೋಂಕು ಇರಬಹುದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬರುತ್ತದೆ. ಅವರು ಬರುವ ದಿನ ಸಂದೇಹ ಇರುವ ಮಕ್ಕಳ ಪಟ್ಟಿ ಕೈಯಲ್ಲಿಟ್ಟುಕೊಂಡಿರಿ. ಇಲ್ಲದಿದ್ದರೆ ಎಲ್ಲ ಮಕ್ಕಳನ್ನೂ ಸಾಲಾಗಿ ನೋಡಿ ಹೋಗಿಬಿಡುತ್ತಾರೆ.

ಆಮೇಲೆ ಪಟ್ಟಿ ಹಿಡಿದು ನೋಡುವುದು. ಎನ್‌ಸಿಇಆರ್‌ಟಿ ಸಿದ್ಧಪಡಿಸಿದ 'ಪ್ರಶಸ್ತ್' ಅನ್ನುವ ತಪಾಸಣಾ ಪಟ್ಟಿ ಮತ್ತು ಆ್ಯಪ್ ಇದೆ. 2016ರ ಕಾಯ್ದೆ ಹೇಳುವ 21 ಬಗೆಯ ವೈಕಲ್ಯಗಳನ್ನು ಅದು ಗಮನದಲ್ಲಿಟ್ಟುಕೊಂಡಿದೆ. ಮೊದಲ ಭಾಗವನ್ನು ಕ್ಲಾಸ್ ಟೀಚರ್ ತುಂಬುತ್ತಾರೆ. ಎರಡನೆಯದನ್ನು ವಿಶೇಷ ಶಿಕ್ಷಕರು ಅಥವಾ ಶಾಲೆಯ ಹೊಣೆ ಹೊತ್ತವರು ನೋಡುತ್ತಾರೆ. ಇದು ಯಾರನ್ನು ಮುಂದೆ ಕಳಿಸಬೇಕು ಅಂತ ತಿಳಿಯಲು ಮಾತ್ರ. ಇದನ್ನೇ ರಿಪೋರ್ಟ್ ಅಂತ ಪೋಷಕರ ಕೈಗೆ ಕೊಟ್ಟು ಹೆದರಿಸಬಾರದು.

ಬೆಂಗಳೂರಿನಲ್ಲಿ ಇನ್ನೊಂದು ಎಚ್ಚರ ಬೇಕು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಅನ್ನುವ ಮಕ್ಕಳು ಇಲ್ಲಿ ಎಲ್ಲ ಕಡೆ ಇದ್ದಾರೆ. ಕಟ್ಟಡ ಕೆಲಸಕ್ಕೆ ಬಂದ ರಾಯಚೂರು, ಯಾದಗಿರಿ ಕಡೆಯ ಮಕ್ಕಳು ವರ್ಷದಲ್ಲಿ ಎರಡು ಶಾಲೆ ಬದಲಿಸಿರುತ್ತಾರೆ. ಅಂಥ ಮಗು ಓದಲು ತಡವರಿಸಿದರೆ ಅದು ಕಲಿಕೆಯ ನ್ಯೂನತೆ ಆಗಿರಲೇಬೇಕಿಲ್ಲ. ಮಗುವಿನ ಮನೆಮಾತಿನಲ್ಲಿ ಒಂದು ಕಥೆ ಹೇಳಿಸಿ. ಅಲ್ಲಿ ಸಲೀಸಾಗಿ ಹೇಳಿದರೆ ತೊಂದರೆ ಭಾಷೆಯದು. ಅಲ್ಲೂ ಮಾತು ಸಿಗದಿದ್ದರೆ ಮುಂದಿನ ಹೆಜ್ಜೆ ಇಡಿ.

ಹಂತ 3: ಕಾಗದಪತ್ರ ಪಕ್ಕದಲ್ಲೇ ಓಡಲಿ

ಇಲ್ಲಿ ಮೂರು ಬೇರೆ ಬೇರೆ ಕಾಗದಗಳಿವೆ. ಪೋಷಕರು, ಎಷ್ಟೋ ಸಲ ಶಾಲೆಯವರೂ, ಮೂರನ್ನೂ ಒಂದೇ ಅಂದುಕೊಳ್ಳುತ್ತಾರೆ.

ಮೊದಲನೆಯದು ಅಸೆಸ್‌ಮೆಂಟ್ ರಿಪೋರ್ಟ್. ಮಗುವಿಗೆ ಏನು ಬರುತ್ತದೆ, ಏನು ಕಷ್ಟ ಅನ್ನುವುದು ಇದರಲ್ಲಿರುತ್ತದೆ. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಲಿಂಗರಾಜಪುರದ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇಂಥ ಕಡೆ ಮಾಡಿಸಬಹುದು. ಖಾಸಗಿ ಕ್ಲಿನಿಕ್‌ಗಳೂ ಮಾಡುತ್ತವೆ. ಪಾಠದ ಪ್ಲಾನ್ ಬರೆಯಲು ಇದೇ ಬೇಕಾದದ್ದು.

ಎರಡನೆಯದು ವೈಕಲ್ಯ ಪ್ರಮಾಣಪತ್ರ. ಇದನ್ನು ಸರ್ಕಾರ ಗೊತ್ತುಮಾಡಿದ ವೈದ್ಯಕೀಯ ಪ್ರಾಧಿಕಾರವೇ ಕೊಡಬೇಕು. ಖಾಸಗಿ ಕ್ಲಿನಿಕ್‌ನ ರಿಪೋರ್ಟ್ ಎಷ್ಟು ದಪ್ಪ ಇದ್ದರೂ ಅದು ಪ್ರಮಾಣಪತ್ರ ಆಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಪೋಷಕರು ಕಣ್ಣೀರು ಹಾಕುವುದು ಇದೇ ಕಾರಣಕ್ಕೆ.

ಮೂರನೆಯದು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. 2024ರ ತಿದ್ದುಪಡಿ ನಿಯಮದ ಪ್ರಕಾರ ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಕಾರ್ಡ್, ಅದಕ್ಕೆ ಮೇಲೆ ಹಳದಿ, ಶೇ. 80 ಮತ್ತು ಮೇಲೆ ನೀಲಿ. ಅರ್ಜಿಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲೂ ಎಸ್‌ಎಟಿಎಸ್‌ನಲ್ಲೂ ಇರುವ ಹಾಗೆಯೇ ಇರಲಿ. ಇನಿಷಿಯಲ್ ಹಿಂದೆ ಮುಂದೆ ಆದರೂ ಮತ್ತೆ ಓಡಾಟ ತಪ್ಪಿದ್ದಲ್ಲ.

ಕಲಿಕಾ ನ್ಯೂನತೆಗೆ, ಅಂದರೆ ಎಸ್‌ಎಲ್‌ಡಿಗೆ, 8 ವರ್ಷ ತುಂಬುವ ಮುಂಚೆ ಪ್ರಮಾಣಪತ್ರ ಕೊಡುವುದಿಲ್ಲ. ಹಾಗಂತ ಎರಡನೇ ಕ್ಲಾಸಿನ ಮಗುವಿಗೆ ಸಹಾಯ ಮಾಡಲು ಎಂಟು ವರ್ಷ ತುಂಬಲಿ ಅಂತ ಕಾಯುವುದು ಕ್ರೌರ್ಯ. ಸಹಾಯಕ್ಕೆ ಪ್ರಮಾಣಪತ್ರ ಬೇಡ.

ಶಾಲೆ ಇಲ್ಲಿ ಒಂದು ಉಪಕಾರ ಮಾಡಬಹುದು: ನಿಮ್ಮ ಗಮನಿಕೆಯ ಎರಡು ಪುಟ, ಮಗುವಿನ ನೋಟ್‌ಬುಕ್‌ನ ಕೆಲವು ಹಾಳೆ ಜೆರಾಕ್ಸ್ ಮಾಡಿ ಪೋಷಕರ ಕೈಗೆ ಕೊಟ್ಟು ಕಳಿಸಿ. ಡಾಕ್ಟರ್‌ಗೆ ತರಗತಿಯ ಚಿತ್ರ ಸಿಗುತ್ತದೆ. ದಿನಗೂಲಿ ಮಾಡುವ ಅಪ್ಪ ಅಮ್ಮನಿಗೆ ಒಂದು ಆಸ್ಪತ್ರೆ ಓಡಾಟ ಉಳಿದರೂ ದೊಡ್ಡದು.

ಹಂತ 4: ಒಂದು ಹಾಳೆಯ ಪ್ಲಾನ್ ಬರೆಯಿರಿ

ಇಡೀ ಕೆಲಸದ ಜೀವ ಇಲ್ಲಿದೆ. ಇದಕ್ಕೆ ವೈಯಕ್ತಿಕ ಶೈಕ್ಷಣಿಕ ಯೋಜನೆ, ಐಇಪಿ ಅನ್ನುತ್ತಾರೆ. ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ವಿಶೇಷ ಶಿಕ್ಷಕಿ ಒಬ್ಬರೇ ಕೂತು ಇಂಗ್ಲಿಷಿನಲ್ಲಿ ಎಂಟು ಪುಟ ಬರೆಯುತ್ತಾರೆ. ಇನ್‌ಸ್ಪೆಕ್ಷನ್‌ಗೆ ಬೇಕು ಅಂತ ಫೈಲ್ ಮಾಡಿ ಬೀರುವಿನಲ್ಲಿಡುತ್ತಾರೆ. ಗಣಿತದ ಮೇಷ್ಟ್ರು ಅದನ್ನು ನೋಡಿಯೇ ಇರುವುದಿಲ್ಲ. ಅಮ್ಮನಿಗೆ ಓದಲು ಬರುವುದಿಲ್ಲ, ಸಹಿ ಮಾತ್ರ ಮಾಡಿರುತ್ತಾರೆ.

ಹೀಗೆ ಮಾಡಿ. ಏಳನೇ ವಾರದಲ್ಲಿ ಒಂದು ಸಭೆ ಕರೆಯಿರಿ. ಕ್ಲಾಸ್ ಟೀಚರ್, ಮುಖ್ಯವಾದ ಎರಡು ವಿಷಯಗಳ ಶಿಕ್ಷಕರು, ಪೋಷಕರು, ಬಿಐಇಆರ್‌ಟಿ ಅಥವಾ ವಿಶೇಷ ಶಿಕ್ಷಕರು ಇರಲಿ. ಮಗು ದೊಡ್ಡದಿದ್ದರೆ ಮಗುವೂ ಇರಲಿ. ಐದನೇ ಕ್ಲಾಸಿನ ಹುಡುಗಿಗೆ ತನಗೆ ಎಲ್ಲಿ ಕೂತರೆ ಚೆನ್ನಾಗಿ ಕೇಳಿಸುತ್ತದೆ ಅನ್ನುವುದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅಪ್ಪ ಆಟೋ ಓಡಿಸುತ್ತಿದ್ದರೆ ಮಧ್ಯಾಹ್ನ ಎರಡಕ್ಕೆ ಬಾ ಅನ್ನಬೇಡಿ. ಅವರಿಗೆ ಆಗುವ ಹೊತ್ತು ಕೇಳಿ.

ಹಾಳೆಯ ಮೇಲ್ಭಾಗದಲ್ಲಿ ಮಗುವಿಗೆ ಏನು ಬರುತ್ತದೆ ಅನ್ನುವುದು. ಬರುವುದಿಲ್ಲ ಅನ್ನುವುದರಿಂದ ಶುರು ಮಾಡಿದರೆ ಸಭೆ ಅಲ್ಲೇ ಕೆಟ್ಟಿತು. ಅದರ ಕೆಳಗೆ ಈ ಅರ್ಧ ವರ್ಷಕ್ಕೆ ಮೂರೇ ಗುರಿ. ನಾಲ್ಕನೆಯದು ಬೇಡ.

ಗುರಿ ಬರೆಯುವಾಗಲೇ ಹೆಚ್ಚಿನವರು ಎಡವುತ್ತಾರೆ. 'ಗಣಿತದಲ್ಲಿ ಸುಧಾರಿಸಬೇಕು' ಅನ್ನುವುದು ಗುರಿ ಅಲ್ಲ, ಹಾರೈಕೆ. 'ದಸರಾ ರಜೆಯೊಳಗೆ ಕಡ್ಡಿಗಳನ್ನಿಟ್ಟು 20ರೊಳಗಿನ ಎರಡು ಸಂಖ್ಯೆಗಳನ್ನು ತಾನೇ ಕೂಡಿಸುತ್ತಾಳೆ, ಹತ್ತರಲ್ಲಿ ಎಂಟು ಸರಿ ಇರುತ್ತದೆ' ಅನ್ನುವುದು ಗುರಿ. 'ಶಿಸ್ತು ಕಲಿಯಬೇಕು' ಅಂತ ಬರೆಯಬೇಡಿ. 'ಗಲಾಟೆ ತಡೆಯಲಾಗದಿದ್ದರೆ ಹಸಿರು ಕಾರ್ಡ್ ತೋರಿಸಿ ಲೈಬ್ರರಿ ಮೂಲೆಗೆ ಹೋಗುತ್ತಾನೆ, ಐದು ನಿಮಿಷದಲ್ಲಿ ವಾಪಸ್ ಬರುತ್ತಾನೆ' ಅಂತ ಬರೆಯಿರಿ. ಓದಿದ ಯಾರಿಗಾದರೂ ಆಯಿತೋ ಇಲ್ಲವೋ ಅಂತ ಹೇಳಲು ಬರಬೇಕು.

ಪ್ರತಿ ಗುರಿಯ ಎದುರು ಮೂರು ವಿಷಯ: ಯಾರು ಮಾಡುತ್ತಾರೆ, ಯಾವ ಪೀರಿಯಡ್‌ನಲ್ಲಿ, ಹೇಗೆ ಗೊತ್ತಾಗುತ್ತದೆ. 'ಎಲ್ಲರೂ' ಅಂತ ಬರೆದರೆ ಯಾರೂ ಮಾಡುವುದಿಲ್ಲ. ಒಬ್ಬರ ಹೆಸರು ಬರೆಯಿರಿ.

ಹಾಳೆಯ ಕೆಳಭಾಗಕ್ಕೆ ಎರಡು ಪಟ್ಟಿ ಬರೆಯಿರಿ. ಒಂದು ಕಡೆ ರೀತಿಯ ಬದಲಾವಣೆ: ಪಾಠ ಅದೇ, ಕಲಿಸುವ ಅಥವಾ ಬರೆಸುವ ರೀತಿ ಬೇರೆ. ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಹೆಚ್ಚು ಸಮಯ, ಬಾಯಿಮಾತಿನ ಉತ್ತರ ಇಂಥವು. ಇನ್ನೊಂದು ಕಡೆ ಪಾಠದ್ದೇ ಬದಲಾವಣೆ: ಏಳನೇ ಕ್ಲಾಸಿನಲ್ಲಿದ್ದರೂ ನಾಲ್ಕನೇ ಕ್ಲಾಸಿನ ಗಣಿತ. ಎರಡನೆಯದನ್ನು ಬಹಳ ಯೋಚಿಸಿ ಬರೆಯಿರಿ. ಸುಲಭ ಅಂತ ಪಾಠ ಕಡಿಮೆ ಮಾಡುತ್ತಾ ಹೋದರೆ ಹತ್ತನೇ ಕ್ಲಾಸಿಗೆ ಬಂದಾಗ ಮಗುವಿನ ಮುಂದೆ ದಾರಿಯೇ ಉಳಿದಿರುವುದಿಲ್ಲ. ನನ್ನ ಅನುಭವದಲ್ಲಿ ರೀತಿ ಬದಲಿಸಿದರೆ ಸಾಕಿದ್ದ ಕಡೆಯೂ ಶಾಲೆಗಳು ಪಾಠವನ್ನೇ ಕತ್ತರಿಸುತ್ತವೆ, ಯಾಕೆಂದರೆ ಶಿಕ್ಷಕರಿಗೆ ಅದು ಕಡಿಮೆ ಕೆಲಸ.

ಹಾಳೆ ಪೋಷಕರು ಓದುವ ಭಾಷೆಯಲ್ಲಿರಲಿ. ಮೂರು ಪ್ರತಿ ಮಾಡಿ. ಒಂದು ಮನೆಗೆ, ಒಂದು ಫೈಲಿಗೆ, ಒಂದು ಕ್ಲಾಸ್ ಟೀಚರ್‌ನ ಅಟೆಂಡೆನ್ಸ್ ಪುಸ್ತಕದೊಳಗೆ. ಮುಂದಿನ ಎರಡು ಸಭೆಗಳ ದಿನಾಂಕವನ್ನು ಅವತ್ತೇ ಬರೆಯಿರಿ, ಒಂದು ದಸರಾ ರಜೆಗೆ ಮುಂಚೆ, ಇನ್ನೊಂದು ಸಂಕ್ರಾಂತಿ ಆಸುಪಾಸಿಗೆ.

ಎಚ್ಚರಿಕೆಯ ಗುರುತುಗಳು: ಎರಡು ಮಕ್ಕಳ ಪ್ಲಾನ್ ಪದಕ್ಕೆ ಪದ ಒಂದೇ ಇದ್ದರೆ ಅದು ಕಾಪಿ. ಸೆಪ್ಟೆಂಬರ್ ಮುಗಿದರೂ ಹಾಳೆಯಲ್ಲಿ ಪೆನ್ನಿನ ಒಂದು ಗೀಟೂ ಇಲ್ಲದಿದ್ದರೆ ಅದನ್ನು ಯಾರೂ ಬಳಸುತ್ತಿಲ್ಲ.

ಹಂತ 5: ತರಗತಿಯೊಳಗೆ

ಐವತ್ತು ಮಕ್ಕಳ ತರಗತಿಯಲ್ಲಿ ಇದೆಲ್ಲ ಆಗುತ್ತದಾ ಅಂತ ಕೇಳುತ್ತೀರಿ. ಕೆಲವು ಆಗುವುದಿಲ್ಲ. ಆಗುವಂಥವು ಇಲ್ಲಿವೆ.

ಕಿವಿ ಮಂದ ಇರುವ ಮಗು ಇದ್ದರೆ ಬೋರ್ಡ್ ಕಡೆ ತಿರುಗಿ ಮಾತಾಡಬೇಡಿ. ಬರೆದು ಮುಗಿಸಿ, ತಿರುಗಿ, ಆಮೇಲೆ ಹೇಳಿ. ರಸ್ತೆ ಕಡೆಯ ಕಿಟಕಿಯ ಪಕ್ಕ, ಫ್ಯಾನಿನ ಕೆಳಗೆ ಕೂರಿಸಬೇಡಿ. ಬೆಂಗಳೂರಿನ ಹಾರ್ನ್ ಸದ್ದನ್ನೂ ಹಿಯರಿಂಗ್ ಏಡ್ ಜೋರಾಗಿಯೇ ಕೇಳಿಸುತ್ತದೆ. ಬ್ಯಾಟರಿ ಸತ್ತಿದೆಯಾ ಅಂತ ಬೆಳಿಗ್ಗೆ ನೋಡುವ ಹೊಣೆ ಯಾರದ್ದು ಅಂತ ಮನೆಯವರ ಜೊತೆ ಗೊತ್ತುಮಾಡಿಕೊಳ್ಳಿ.

ಕಣ್ಣು ಮಂದ ಇದ್ದರೆ ಬೆಳಕು ಮಗುವಿನ ಹಿಂದಿನಿಂದ ಬರಲಿ. ಬೋರ್ಡ್ ಮೇಲೆ ಬರೆಯುವುದನ್ನು ಬಾಯಲ್ಲೂ ಹೇಳಿ. 'ಇದು', 'ಅದು' ಬೇಡ, 'ತ್ರಿಕೋನದ ಎಡಗಡೆ ಮೂಲೆ' ಅನ್ನಿ.

ಆಟಿಸಂ ಇರುವ ಮಗುವಿಗೆ ದಿನದ ಟೈಮ್‌ಟೇಬಲ್ ಚಿತ್ರದಲ್ಲಿ ಬೆಂಚಿನ ಮೇಲೆ ಅಂಟಿಸಿ. ಪಿಟಿ ಪೀರಿಯಡ್ ರದ್ದಾದರೆ ಮೊದಲೇ ಹೇಳಿ. ಗಲಾಟೆ ಮಾಡಿದ ಅನ್ನುವ ದೂರುಗಳ ಹಿಂದೆ ಹೋಗಿ ನೋಡಿ. ಎಷ್ಟೋ ಸಲ ಹೇಳದೆ ಕೇಳದೆ ಬದಲಾದ ಪೀರಿಯಡ್ ಇರುತ್ತದೆ.

ಓದಲು ಕಷ್ಟ ಇರುವ ಮಗುವನ್ನು ಎಲ್ಲರೆದುರು ಎಬ್ಬಿಸಿ ಗಟ್ಟಿಯಾಗಿ ಓದಿಸಬೇಡಿ. ಬರೆಯಲು ಕಷ್ಟ ಇರುವ ಮಗುವಿಗೆ ಬೋರ್ಡ್ ನೋಡಿ ಬರೆಯುವ ಬದಲು ಗೆಳೆಯನ ನೋಟ್ಸ್ ಜೆರಾಕ್ಸ್ ಕೊಡಿ. ಉಳಿದ ಸಮಯ ಕೇಳಲು ಸಿಗುತ್ತದೆ.

ಶ್ಯಾಡೋ ಟೀಚರ್ ವಿಷಯ ಬಿಡಿಸಿ ಹೇಳಬೇಕು. ಕೆಲವು ಮಕ್ಕಳಿಗೆ ಜೊತೆಗೊಬ್ಬರು ಬೇಕು, ಒಪ್ಪೋಣ. ಆದರೆ ಅವರು ಬಂದ ತಕ್ಷಣ ಕ್ಲಾಸ್ ಟೀಚರ್ ಆ ಮಗುವನ್ನು ಕೈಬಿಟ್ಟುಬಿಡುತ್ತಾರೆ. ಪ್ರಶ್ನೆ ಕೇಳುವುದು ಶ್ಯಾಡೋಗೆ, ದೂರು ಹೇಳುವುದು ಶ್ಯಾಡೋಗೆ. ಒಂದು ವಾರ ಲೆಕ್ಕ ಇಡಿ: ಕ್ಲಾಸ್ ಟೀಚರ್ ಆ ಮಗುವಿನ ಹೆಸರು ಹಿಡಿದು ನೇರವಾಗಿ ಎಷ್ಟು ಸಲ ಮಾತಾಡಿದರು? ಸೊನ್ನೆ ಬಂದರೆ ಆ ಮಗು ತರಗತಿಯಲ್ಲಿದ್ದೂ ಇಲ್ಲ.

ರಿಸೋರ್ಸ್ ರೂಮ್, ಅಂದರೆ ವಿಶೇಷ ಶಿಕ್ಷಕರು ಬೇರೆಯಾಗಿ ಕಲಿಸುವ ಕೋಣೆ, ಇದ್ದರೆ ಮಗುವನ್ನು ಯಾವ ಪೀರಿಯಡ್‌ನಲ್ಲಿ ಹೊರಗೆ ಕರೆದುಕೊಂಡು ಹೋಗುತ್ತೀರಿ ಅಂತ ನೋಡಿ. ಡ್ರಾಯಿಂಗ್, ಹಾಡು, ಆಟ. ಅವನು ಉಳಿದವರ ಜೊತೆ ಸರಿಸಮ ಇರಬಹುದಾದ ಪೀರಿಯಡ್‌ಗಳನ್ನೇ ಕಿತ್ತುಕೊಳ್ಳುವುದು ಎಲ್ಲ ಕಡೆ ನಡೆಯುತ್ತದೆ. ಬೇಡ.

ವಿಶೇಷ ಶಿಕ್ಷಕರನ್ನು ತೆಗೆದುಕೊಳ್ಳುವಾಗ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ವಾರಾಂತ್ಯದ ಕೋರ್ಸಿನ ಸರ್ಟಿಫಿಕೇಟ್ ಸಾಕಾಗದು. ಸುಪ್ರೀಂ ಕೋರ್ಟಿನ 2021ರ ತೀರ್ಪಿನ ಬಳಿಕ ಕೇಂದ್ರ 2022ರಲ್ಲಿ ಅನುಪಾತ ಗೊತ್ತುಮಾಡಿದೆ. 1ರಿಂದ 5ನೇ ತರಗತಿಗೆ ಇಂಥ ಹತ್ತು ಮಕ್ಕಳಿಗೆ ಒಬ್ಬರು, 6ರಿಂದ 8ಕ್ಕೆ ಹದಿನೈದು ಮಕ್ಕಳಿಗೆ ಒಬ್ಬರು.

ಹಂತ 6: ಕಟ್ಟಡ

ಸಿಮೆಂಟ್ ತರಿಸುವ ಮುಂಚೆ ತರಗತಿಯನ್ನೇ ಕೆಳಗೆ ತನ್ನಿ. ಬಾಡಿಗೆ ಕಟ್ಟಡದಲ್ಲಿ ಮೂರು ಮಹಡಿ ಶಾಲೆ ನಡೆಸುವ ನಗರ ಇದು. ಲಿಫ್ಟ್ ಹಾಕಿಸಲು ಆಗದೆ ಇರಬಹುದು. 6ನೇ 'ಎ' ವಿಭಾಗವನ್ನು ಗ್ರೌಂಡ್ ಫ್ಲೋರಿಗೆ ಇಳಿಸಲು ಒಂದು ಶನಿವಾರ ಸಾಕು. ಖರ್ಚಿಲ್ಲ.

ರ‍್ಯಾಂಪ್ ಕಟ್ಟಿಸುವುದಾದರೆ ಇಳಿಜಾರು 1:12 ಇರಬೇಕು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ತಲಾ 15 ಸೆಂಟಿಮೀಟರಿನ ಮೂರು ಮೆಟ್ಟಿಲಿದ್ದರೆ 5.4 ಮೀಟರ್ ಉದ್ದ ಬೇಕು. ಜಾಗ ಇಲ್ಲ ಅಂತ ಎರಡು ಮೀಟರಿಗೆ ಕಟ್ಟಿದರೆ ಅದು ಜಾರುಬಂಡೆ. ಗ್ರಾನೈಟ್ ಹಾಸಬೇಡಿ, ಮಳೆ ಬಂದರೆ ಯಾರೂ ಹತ್ತಲಾರರು. ಎರಡೂ ಕಡೆ ಕೈಹಿಡಿ ಇರಲಿ.

ಟಾಯ್ಲೆಟ್ ಬಾಗಿಲಿಗೆ 90 ಸೆಂಟಿಮೀಟರ್ ಅಗಲ, ಹೊರಗೆ ತೆರೆಯುವಂಥದ್ದು. ಒಳಗೆ ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ಜಾಗ ಬೇಕು. ಕಟ್ಟಿದ ಮೇಲೆ ಅದನ್ನು ಪೊರಕೆ, ಬಕೆಟ್ ಇಡುವ ಗೋಡೌನ್ ಮಾಡಿ ಬೀಗ ಹಾಕಬೇಡಿ. ಬೀಗ ಕಂಡರೆ ಉಳಿದದ್ದೆಲ್ಲ ನೋಡದೆಯೇ ಆ ಶಾಲೆಯ ಹಣೆಬರಹ ಹೇಳಬಹುದು.

ಶಾಲಾ ವ್ಯಾನ್ ಮರೆಯಬೇಡಿ. 'ಹತ್ತಿಸಿ ಇಳಿಸಲು ಜನ ಇಲ್ಲ' ಅಂತ ವ್ಯಾನಿನವರು ಹೇಳಿದರೆ ಅದು ಅವರ ಮತ್ತು ಪೋಷಕರ ನಡುವಿನ ವಿಷಯ ಅಲ್ಲ. ಓಡಾಟದ ವ್ಯವಸ್ಥೆ ಶಾಲೆಯ ಕರ್ತವ್ಯಗಳಲ್ಲೇ ಬರುತ್ತದೆ.

ಹಂತ 7: ಪರೀಕ್ಷೆಯ ರಿಯಾಯಿತಿ ಎಂಟನೇ ಕ್ಲಾಸಿನಿಂದಲೇ

ಹತ್ತನೇ ಕ್ಲಾಸಿನ ಜನವರಿಯಲ್ಲಿ ಪೋಷಕರು ಓಡಾಡಲು ಶುರು ಮಾಡುತ್ತಾರೆ. ಆಗ ಆಸ್ಪತ್ರೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದಿಲ್ಲ, ಮಂಡಳಿಯ ಗಡುವು ಮುಗಿದಿರುತ್ತದೆ. ಈ ಒಂದು ತಪ್ಪಿನಿಂದ ಪ್ರತಿ ವರ್ಷ ಬುದ್ಧಿವಂತ ಮಕ್ಕಳು ಫೇಲ್ ಆಗುತ್ತಾರೆ.

2016ರ ಕಾಯ್ದೆಯ ಸೆಕ್ಷನ್ 17 ಹೆಚ್ಚುವರಿ ಸಮಯ, ಬರಹಗಾರರ ಸಹಾಯ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವನ್ನು ಹೆಸರಿಸಿಯೇ ಹೇಳುತ್ತದೆ. ಕೇಂದ್ರದ ಮಾರ್ಗಸೂಚಿಯಲ್ಲಿ ಹೆಚ್ಚುವರಿ ಸಮಯ ಗಂಟೆಗೆ ಕನಿಷ್ಠ 20 ನಿಮಿಷ. ಅಂದರೆ ಮೂರು ಗಂಟೆಯ ಪೇಪರಿಗೆ ಒಂದು ಗಂಟೆ. ಶೇ. 40 ಇಲ್ಲದಿದ್ದರೂ ಬರೆಯಲು ನಿಜವಾಗಿ ತೊಂದರೆ ಇದ್ದವರಿಗೆ ಬರಹಗಾರರನ್ನು ನಿರಾಕರಿಸುವಂತಿಲ್ಲ ಎಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಹೇಳಿದೆ.

ಕ್ರಮ ಹೀಗಿರಲಿ:

1. ಎಂಟನೇ ಕ್ಲಾಸಿನಲ್ಲಿ ಯಾವ ರಿಯಾಯಿತಿ ಬೇಕು ಅಂತ ತೀರ್ಮಾನ ಮಾಡಿ. ಭಾಷೆ ಬಿಡುವ ಮುಂಚೆ ಪಿಯುಸಿಯಲ್ಲಿ ಏನು ಓದಬೇಕು ಅಂತ ಮಗುವನ್ನು ಕೇಳಿ. ಎಲ್ಲ ರಿಯಾಯಿತಿಯನ್ನೂ ತೆಗೆದುಕೊಳ್ಳಲೇಬೇಕು ಅಂತಿಲ್ಲ.
2. ಅದೇ ವರ್ಷ ಪ್ರಮಾಣಪತ್ರ ಇದೆಯಾ, ಅವಧಿ ಮುಗಿದಿದೆಯಾ ನೋಡಿ. ಎಸ್‌ಎಲ್‌ಡಿ ಇದ್ದರೆ ಪ್ರಮಾಣಪತ್ರಕ್ಕಾಗಿ 14ನೇ ವಯಸ್ಸಿನಲ್ಲಿ ಮಾಡಿಸಬೇಕಾದ ಮರುತಪಾಸಣೆ ಹೆಚ್ಚುಕಡಿಮೆ ಇದೇ ಹೊತ್ತಿಗೆ ಬರುತ್ತದೆ.
3. ಒಂಬತ್ತನೇ ಕ್ಲಾಸಿನ ಪ್ರತಿ ಪರೀಕ್ಷೆಯಲ್ಲೂ ಅದೇ ರಿಯಾಯಿತಿ ಕೊಟ್ಟು ಬರೆಸಿ. ದಾಖಲೆ ಇಡಿ. ಬರಹಗಾರರಿಗೆ ಉತ್ತರ ಹೇಳಿ ಬರೆಸುವುದು ಅಭ್ಯಾಸ ಬೇಕಾದ ವಿದ್ಯೆ. 'ಕಾಮಾ ಹಾಕು, ಮುಂದಿನ ಸಾಲು' ಅಂತ ಹೇಳಲು ಮೊದಲ ಸಲ ಯಾರಿಗೂ ಬರುವುದಿಲ್ಲ.
4. ಹತ್ತನೇ ಕ್ಲಾಸಿನ ನೋಂದಣಿ ಸಮಯದಲ್ಲೇ ಶಾಲೆಯ ಮೂಲಕ ಮಲ್ಲೇಶ್ವರದಲ್ಲಿರುವ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಅರ್ಜಿ ಹೋಗಲಿ. ಸಿಬಿಎಸ್‌ಇ, ಐಸಿಎಸ್‌ಇ ಮಂಡಳಿಗಳಿಗೆ ಅವುಗಳದ್ದೇ ನಮೂನೆ, ಅವುಗಳದ್ದೇ ಗಡುವು. ಆ ವರ್ಷದ ಸುತ್ತೋಲೆಯನ್ನೇ ಓದಿ, ಹಳೆಯದನ್ನು ನಂಬಬೇಡಿ.
5. ಮಂಜೂರಾತಿ ಪತ್ರದ ಪ್ರತಿ ಮಗುವಿನ ಕೈಯಲ್ಲಿರಲಿ. ಪರೀಕ್ಷಾ ಕೇಂದ್ರ ಬೇರೆ ಶಾಲೆಯಲ್ಲಿರುತ್ತದೆ. ಅಲ್ಲಿನ ಮುಖ್ಯ ಅಧೀಕ್ಷಕರನ್ನು ಹಿಂದಿನ ವಾರವೇ ಕಂಡು, ಗ್ರೌಂಡ್ ಫ್ಲೋರಿನ ಕೋಣೆ ಕೇಳಿಕೊಳ್ಳಿ.

ಹಂತ 8: ಮನೆಯಲ್ಲೇ ಪಾಠ ಯಾರಿಗೆ

ಬಹುವಿಧ ಅಥವಾ ತೀವ್ರ ವೈಕಲ್ಯ ಇರುವ ಮಗುವಿಗೆ ಗೃಹಾಧಾರಿತ ಶಿಕ್ಷಣ ಆರಿಸಿಕೊಳ್ಳುವ ಹಕ್ಕನ್ನು ಆರ್‌ಟಿಇಯ 2012ರ ತಿದ್ದುಪಡಿ ಕೊಟ್ಟಿತು. ಆರಿಸುವುದು ಮನೆಯವರು. ಶಾಲೆ ಆರಿಸಿ ಮನೆಗೆ ಕಳಿಸುವುದಲ್ಲ. ನಡೆದಾಡುವ, ಮಾತಾಡುವ ಮಗು ನಿಮ್ಮ ಪಟ್ಟಿಯಲ್ಲಿ ಗೃಹಾಧಾರಿತ ಅಂತ ಇದ್ದರೆ ಯಾರು ಕೇಳಿದರು, ಯಾಕೆ ಕೇಳಿದರು ಅಂತ ಫೈಲ್ ತೆಗೆದು ನೋಡಿ.

ಹಂತ 9: ನಿರಾಕರಣೆ, ದೂರು, ದಾಖಲೆ

ಪೋಷಕರಿಗೆ: ಸೀಟ್ ಇಲ್ಲ ಅಂದರೆ ಬರೆದು ಕೊಡಿ ಅಂತ ಕೇಳಿ. ಬರೆದು ಕೊಡದಿದ್ದರೆ ಅವತ್ತು ಸಂಜೆಯೇ ನಡೆದದ್ದನ್ನೆಲ್ಲ ಶಾಲೆಗೆ ಇಮೇಲ್ ಮಾಡಿ, ಅದು ದಾಖಲೆ. ಮೊದಲು ಶಾಲೆಯ ಮುಖ್ಯಸ್ಥರು, ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ). ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಆಮೇಲೆ ಡಿಡಿಪಿಐ, ಅಂದರೆ ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪನಿರ್ದೇಶಕರು. ಬೆಂಗಳೂರು ಶೈಕ್ಷಣಿಕವಾಗಿ ಉತ್ತರ, ದಕ್ಷಿಣ ಅಂತ ಎರಡು ಭಾಗ. ನಿಮ್ಮ ಶಾಲೆ ಯಾವ ವಲಯದ ಬಿಇಒ ಕೆಳಗೆ ಬರುತ್ತದೆ ಅಂತ ಮೊದಲು ಗೊತ್ತುಮಾಡಿಕೊಳ್ಳಿ, ಇಲ್ಲದಿದ್ದರೆ ಅರ್ಜಿ ಕಚೇರಿಯಿಂದ ಕಚೇರಿಗೆ ಸುತ್ತುತ್ತದೆ. ವಿಕಲಚೇತನರ ರಾಜ್ಯ ಆಯುಕ್ತರಿಗೂ ದೂರು ಕೊಡಬಹುದು. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರ ಇದೆ. ಹದಿನೆಂಟರೊಳಗಿನವರ ವಿಷಯವಾದ್ದರಿಂದ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವೂ ಇದೆ.

ಶಾಲೆಗೆ: 2016ರ ಕಾಯ್ದೆ ಮುರಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ. ಮತ್ತೆ ಮುರಿದರೆ 50,000ದಿಂದ 5 ಲಕ್ಷದವರೆಗೆ. ದೂರು ಬಂದಾಗ ನಿಮ್ಮನ್ನು ಕಾಯುವುದು ನೋಟ್‌ಬುಕ್, ಒಂದು ಹಾಳೆಯ ಪ್ಲಾನ್ ಮತ್ತು ಸಭೆಗಳ ಸಹಿ. ಇವಿಲ್ಲದೆ ವಕೀಲರ ಹತ್ತಿರ ಹೋದರೆ ಅವರ ಕೈಯಲ್ಲೂ ಏನೂ ಇರುವುದಿಲ್ಲ.

ಹಂತ 10: ಮಾರ್ಚ್‌ನ ಅರ್ಧ ಗಂಟೆ

ವರ್ಷವಿಡೀ ಚೆನ್ನಾಗಿ ನಡೆದ ಕೆಲಸ ಜೂನ್‌ನಲ್ಲಿ ಮತ್ತೆ ಸೊನ್ನೆಯಿಂದ ಶುರುವಾಗುವುದು ಕ್ಲಾಸ್ ಟೀಚರ್ ಬದಲಾಗುವುದರಿಂದ. ಬೇಸಿಗೆ ರಜೆಗೆ ಮುಂಚೆ ಹಳೆಯ ಟೀಚರ್, ಹೊಸ ಟೀಚರ್ ಅರ್ಧ ಗಂಟೆ ಕೂತು ಹಾಳೆ ಓದಲಿ. ಸಾಧ್ಯವಾದರೆ ಮಗು ಹೊಸ ಕೋಣೆಯನ್ನು ಒಮ್ಮೆ ನೋಡಿ ಬರಲಿ.

ಎಂಟನೇ ಕ್ಲಾಸ್ ಮುಗಿಸಿದವರ ಬಗ್ಗೆ ಇದೇ ತಿಂಗಳು ವಿಶೇಷ ಗಮನ ಬೇಕು. ಆರ್‌ಟಿಇಯ ರಕ್ಷಣೆ ಅಲ್ಲಿಗೆ ಮುಗಿಯುತ್ತದೆ ಅಂತ ಕೆಲವು ಶಾಲೆಗಳು ಟಿಸಿ ಬರೆದಿಟ್ಟಿರುತ್ತವೆ. 2016ರ ಕಾಯ್ದೆಯ ಸೆಕ್ಷನ್ 31 ಹದಿನೆಂಟರ ತನಕ ಇದೆ, ಸೆಕ್ಷನ್ 16ಕ್ಕೆ ಎಂಟನೇ ಕ್ಲಾಸಿನ ಗಡಿಯೇ ಇಲ್ಲ. ಮನೆಯವರೇ ಬೇರೆ ಶಾಲೆಗೆ ಹೋಗಲು ಟಿಸಿ ಕೇಳಿದರೆ ಅದರ ಜೊತೆ ಪ್ಲಾನಿನ ಪ್ರತಿ, ಪರೀಕ್ಷೆಗಳಲ್ಲಿ ಕೊಟ್ಟ ರಿಯಾಯಿತಿಯ ದಾಖಲೆ ಪಿನ್ ಮಾಡಿ ಕೊಡಿ. ಹೊಸ ಶಾಲೆಯವರ ಫೋನ್ ನಂಬರ್ ಕೇಳಿ ಇಟ್ಟುಕೊಳ್ಳಿ. ಜುಲೈನಲ್ಲಿ ಒಮ್ಮೆ ಫೋನ್ ಮಾಡಿ, ಮಗು ಅಲ್ಲಿ ಸೇರಿದೆಯಾ ಅಂತ ಕೇಳಿ.